ಹೆರಿಗೆಯಲ್ಲಿ ಕೂಸಿನ ಮುಖ ಬಾತು ಕಂದಿದ್ದರೆ ಏನು ಮಾಡಬೇಕು

ಹೆರಿಗೆ ತಾಸುಗಟ್ಟಲೆ ಎಳೆದಾಗ, ಕೂಸು ಮುಖ ಮುಂದಾಗಿ ಬಂದಾಗ, ಫೋರ್ಸೆಪ್ಸ್ (ಇಕ್ಕಳ) ಇಲ್ಲವೇ ವ್ಯಾಕ್ಯೂಮ್ (ತಲೆಗೆ ಬಟ್ಟಲು ಅಂಟಿಸಿ ಎಳೆಯುವ ಸಾಧನ) ಹಾಕಿ ಹೊರತೆಗೆಯಬೇಕಾಗಿ ಬಂದಾಗ ಅದರ ರೆಪ್ಪೆ, ತುಟಿ, ಕೆನ್ನೆಗಳು ಬಾತು ನೀಲಿಗಟ್ಟುವುದುಂಟು. ನೋಡಿದವರ ಎದೆ ಝಲ್ಲೆನ್ನುತ್ತದೆ, ಆದರೆ ಬಹುಪಾಲು ಬಾವು ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಕಣ್ಣಿನ ಬಿಳಿಗುಡ್ಡೆಯಲ್ಲಿ ಕಾಣುವ ಕೆಂಪು ಕಲೆಯೂ ಒಂದೆರಡು ವಾರಗಳಲ್ಲಿ ಮಾಯುತ್ತದೆ.

ಮೊದಲು ನಾಲಿಗೆಯನ್ನು ನೋಡಬೇಕು. ಮುಖವೆಲ್ಲ ನೀಲಿಯಾಗಿದ್ದರೂ ಕೂಸು ಅತ್ತಾಗ ನಾಲಿಗೆ ಮತ್ತು ಬಾಯಿಯ ಒಳಭಾಗ ಗುಲಾಬಿಯಾಗಿ ಕಂಡರೆ ಆ ಬಣ್ಣ ಸಾಮಾನ್ಯವಾಗಿ ಚರ್ಮದಡಿ ಹೆಪ್ಪುಗಟ್ಟಿದ ರಕ್ತದ್ದು. ನಾಲಿಗೆಯೇ ನೀಲಿಯಾಗಿದ್ದರೆ ಆಮ್ಲಜನಕದ ಕೊರತೆ ಇರಬಹುದಾದ್ದರಿಂದ ಕ್ಷಣವೂ ತಡಮಾಡದೆ ವೈದ್ಯರನ್ನು ಕರೆಯಬೇಕು. ಅಳುವಾಗ ಬಾಯಿ ಒಂದೇ ಕಡೆಗೆ ಸೊಟ್ಟಗಾಗುತ್ತಿದ್ದರೆ ಅಥವಾ ಒಂದು ಕಣ್ಣು ಪೂರ್ತಿ ಮುಚ್ಚದಿದ್ದರೆ ಮುಖದ ನರಕ್ಕೆ ಪೆಟ್ಟಾಗಿರಬಹುದು. ಇದು ಹೆಚ್ಚಿನ ಮಕ್ಕಳಲ್ಲಿ ವಾರಗಳೊಳಗೆ ಸರಿಹೋಗುತ್ತದೆಯಾದರೂ ಅಲ್ಲಿಯವರೆಗೆ ತೆರೆದ ಕಣ್ಣು ಒಣಗದಂತೆ ವೈದ್ಯರು ಹೇಳಿದ ಹನಿಯನ್ನು ಹಾಕುತ್ತಿರಬೇಕು.

ಇನ್ನು ಮಾಲೀಶಿನ ಮಾತು. ಮುಂಬೈ, ಪುಣೆಯ ನಮ್ಮ ಮನೆಗಳಲ್ಲಿ ಬಾಣಂತಿ ಆಸ್ಪತ್ರೆಯಿಂದ ಬರುವ ಮೊದಲೇ ಎಣ್ಣೆ ತಿಕ್ಕುವ ಮಾಲೀಶ್‌ವಾಲಿಯನ್ನು ಗೊತ್ತುಮಾಡಿರುತ್ತಾರೆ, ಆಕೆಯೂ ಅಕ್ಕರೆಯಿಂದಲೇ ಕೂಸಿನ ಮೂಗು ತೀಡಿ ತಲೆ ದುಂಡಗೆ ಮಾಡಲು ಒತ್ತುತ್ತಾಳೆ. ಬಾತ ಜಾಗವನ್ನು ನೀವುವುದು, ಬಿಸಿ ಬಟ್ಟೆಯಿಂದ ಕಾಯಿಸುವುದು, ಅರಿಶಿನ ಹಚ್ಚುವುದು ಬೇಡವೇ ಬೇಡ. ವೈದ್ಯರು ಒಪ್ಪುವ ತನಕ ಮುಖಕ್ಕೂ ತಲೆಗೂ ಕೈಹಾಕಬಾರದೆಂದು ಮಾಲೀಶ್‌ವಾಲಿಗೂ ಊರಿನಿಂದ ಬಂದ ಅಜ್ಜಿಗೂ ಮೊದಲ ದಿನವೇ ವಿನಯದಿಂದ ತಿಳಿಸಿಬಿಡಿ. ನೆತ್ತಿಯ ಒಂದು ಬದಿಯಲ್ಲಿ ಗಡಿ ಹಾಕಿದಂತೆ ಉಬ್ಬಿದ ರಕ್ತದ ಗಂಟು ಕರಗಲು ವಾರಗಳೇ, ಕೆಲವೊಮ್ಮೆ ಮೂರು ತಿಂಗಳೇ ಬೇಕಾಗುವುದರಿಂದ ಅದನ್ನು ಒತ್ತಿ ಕರಗಿಸಲು ಯಾರೂ ಹೋಗಕೂಡದು.

ತುಟಿ ಬಾತು ಮೊಲೆ ಹಿಡಿಯಲಾಗದಿದ್ದರೆ ಹಾಲನ್ನು ಹಿಂಡಿ ಒಳಲೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿ.

ಎಲ್ಲಕ್ಕಿಂತ ಹೆಚ್ಚು ಕಣ್ಣಿಡಬೇಕಾದದ್ದು ಕಾಮಾಲೆಯ ಮೇಲೆ. ಕಂದಿದ ಜಾಗದ ರಕ್ತ ಒಡೆದು ಬಿಲಿರುಬಿನ್ ಎಂಬ ಹಳದಿ ವಸ್ತು ಆಗುವುದರಿಂದ ಇಂಥ ಕೂಸುಗಳಲ್ಲಿ ಕಾಮಾಲೆ ಏರುವ ಸಂಭವ ಹೆಚ್ಚು. ಮೊದಲ 24 ಗಂಟೆಗಳೊಳಗೆ ಹಳದಿ ಕಂಡರೆ, ಅಂಗೈ ಅಂಗಾಲಿಗೆ ಹಳದಿ ಇಳಿದರೆ, ಕೂಸು ಹಾಲಿಗೂ ಏಳದಷ್ಟು ಮಂಪರಾಗಿದ್ದರೆ ಅದೇ ದಿನ ರಕ್ತ ಪರೀಕ್ಷೆ ಆಗಬೇಕು. ಫ್ಲ್ಯಾಟಿನ ಟ್ಯೂಬ್‌ಲೈಟಿನಡಿ ಹಳದಿ ಸರಿಯಾಗಿ ತಿಳಿಯದು. ಹಗಲಲ್ಲಿ ಕಿಟಕಿಯ ಬಳಿ ಹಣೆಯ ಚರ್ಮವನ್ನು ಬೆರಳಿನಿಂದ ಮೆಲ್ಲನೆ ಅದುಮಿ ಬಿಟ್ಟು, ಆ ಜಾಗ ಹಳದಿಯಾಗಿ ಕಾಣುತ್ತದೆಯೇ ನೋಡಿ. ಬಿಸಿಲಿಗೆ ಹಿಡಿದರೆ ಸಾಕೆಂಬ ಸಲಹೆಯನ್ನು ನಂಬಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬೇಡಿ.

ನೆತ್ತಿಯ ಬಾವು ಮೆತ್ತಗೆ ಹರಡುತ್ತ ಕಿವಿಯ ಹಿಂದಕ್ಕೋ ಕತ್ತಿಗೋ ಇಳಿದರೆ, ಕೂಸು ಬಿಳಿಚಿಕೊಂಡರೆ, ಉಸಿರು ಏದುಸಿರಾದರೆ ಒಳಗೆ ರಕ್ತ ಸೋರುತ್ತಿರಬಹುದು. ಇದು ವಿಶೇಷವಾಗಿ ವ್ಯಾಕ್ಯೂಮ್ ಹೆರಿಗೆಯ ನಂತರ ಆಗುವಂಥದ್ದು. ಆಗ ಮನೆಯಲ್ಲಿ ಕಾಯದೆ 108ಕ್ಕೆ ಕರೆಮಾಡಿ, ನವಜಾತ ಶಿಶುಗಳ ತುರ್ತು ವಿಭಾಗವಿರುವ ಆಸ್ಪತ್ರೆಗೇ ನೇರವಾಗಿ ಕರೆದೊಯ್ಯಬೇಕು.