ಊರಿನ ಮನೆಗೆ ಬೀಗ ಹಾಕಿ ಬಂದಿದ್ದೀರಾ?

ಉಡುಪಿ, ಮಂಗಳೂರು ಕಡೆಯಿಂದ ಹೊಸದಾಗಿ ಗಲ್ಫಿಗೆ ಬಂದವರು ರೂಮು, ವೀಸಾ, ಸಂಬಳದ ಬಗ್ಗೆ ನಮ್ಮನ್ನು ಕೇಳುತ್ತಾರೆ. ಊರಲ್ಲಿ ಬೀಗ ಹಾಕಿ ಬಂದ ಮನೆಯ ಬಗ್ಗೆ ಕೇಳುವವರು ಕಡಿಮೆ. ಸಿಸಿಟಿವಿ ಇದೆ, ಮೊಬೈಲಲ್ಲೇ ಕಾಣುತ್ತೆ ಅಂತ ಧೈರ್ಯ. ಕಳ್ಳ ಬಂದರೆ ಕ್ಯಾಮೆರಾದಲ್ಲಿ ಕಂಡಾನು. ಒರಲೆ, ಬೂಸ್ಟು, ಸೋರುವ ಹಂಚು ಕಾಣುವುದಿಲ್ಲ. ನಮ್ಮ ಕಡೆ ಮುಚ್ಚಿದ ಮನೆಯನ್ನು ಹಾಳು ಮಾಡುವುದರಲ್ಲಿ ಕಳ್ಳನಿಗಿಂತ ಮಳೆಗಾಲವೇ ಮುಂದೆ.

ಹಾಗಾಗಿ ಬಾಗಿಲು ತೆರೆಯುವ ಒಬ್ಬರನ್ನು ಗೊತ್ತು ಮಾಡಿ. ಪಕ್ಕದ ಮನೆಯ ಅಕ್ಕ, ಚಿಕ್ಕಮ್ಮನ ಮಗ, ಯಾರಾದರೂ ಸರಿ. ನೆಂಟರೇ ಆದರೂ ತಿಂಗಳಿಗೆ ಇಷ್ಟು ಅಂತ ಕೊಡಿ. ಪುಕ್ಕಟೆ ಕೆಲಸ ಜಾಸ್ತಿ ದಿನ ನಡೆಯುವುದಿಲ್ಲ. ವಾರಕ್ಕೊಮ್ಮೆ, ಮಳೆ ಬಿಟ್ಟು ಸ್ವಲ್ಪ ಬಿಸಿಲು ಬಿದ್ದ ಹೊತ್ತಲ್ಲಿ, ಕಿಟಕಿಗಳನ್ನೆಲ್ಲ ತೆರೆದು ಫ್ಯಾನ್ ಹಾಕಿಡಲಿ. ಕೆಂಪು ಕಲ್ಲಿನ ಗೋಡೆ ನೀರು ಹೀರುತ್ತದೆ. ಗೋಡೆಗೆ ತಾಗಿಸಿಟ್ಟ ಕಪಾಟಿನ ಹಿಂದೆಯೇ ಬೂಸ್ಟು ಶುರುವಾಗುವುದು. ಹೊರಡುವ ಮುಂಚೆ ಕಪಾಟು, ಮಂಚಗಳನ್ನು ಒಂದು ಗೇಣು ಈಚೆಗೆ ಎಳೆದಿಡಿ. ರೇಷ್ಮೆ ಸೀರೆ, ಆರ್‌ಟಿಸಿ (ಪಹಣಿ), ತೆರಿಗೆ ರಸೀದಿಗಳು ಕಬ್ಬಿಣದ ಕಪಾಟಿನ ಮೇಲಿನ ಅಂತಸ್ತಿನಲ್ಲಿರಲಿ. ಚಿನ್ನ ಬ್ಯಾಂಕ್ ಲಾಕರಿನಲ್ಲಿ.

ವಾರಕ್ಕೊಮ್ಮೆ ಬಾಗಿಲು ತೆರೆಯಲು ಬಂದವರು ಬಾತ್‌ರೂಮಿನ ನೆಲದ ಜಾಲರಿಗೂ ಕಮೋಡಿಗೂ ಒಂದೆರಡು ಚೊಂಬು ನೀರು ಸುರಿಯಲಿ. ಇದನ್ನು ಎಲ್ಲರೂ ಮರೆಯುತ್ತಾರೆ. ಪೈಪಿನ ಬಾಗಿದ ಭಾಗದಲ್ಲಿ ಸ್ವಲ್ಪ ನೀರು ನಿಂತಿರುತ್ತದೆ. ಕೊಳಕು ವಾಸನೆಯನ್ನೂ ಜಿರಳೆಯನ್ನೂ ತಡೆಯುವುದು ಅದೇ. ತಿಂಗಳುಗಟ್ಟಲೆ ಬಿಟ್ಟರೆ ಅದು ಆರಿಹೋಗುತ್ತದೆ, ಆಮೇಲೆ ಗುಂಡಿಯಲ್ಲಿದ್ದದ್ದೆಲ್ಲ ಸೀದಾ ಒಳಗೆ.

ಮಂಗಳೂರಲ್ಲಿ ಮಲೇರಿಯಾ ಹರಡುವ ಸೊಳ್ಳೆ ಮನೆ ಮೇಲಿನ ಟ್ಯಾಂಕಿನಂಥ ಒಳ್ಳೆ ನೀರಲ್ಲೇ ಮೊಟ್ಟೆ ಇಡುತ್ತದೆ. ಮುಚ್ಚಳ ಬಿಗಿಯಾಗಿರಲಿ, ಹೆಚ್ಚಾದ ನೀರು ಹೋಗುವ ಪೈಪಿನ ಬಾಯಿಗೆ ಬಲೆ ಕಟ್ಟಿ. ಅಂಗಳದ ಕರಟ, ಹಳೇ ಟಯರ್, ಹೂಕುಂಡದ ತಟ್ಟೆ ಎಲ್ಲ ತೆಗೆಸಿ. ಡೆಂಗಿ ಸೊಳ್ಳೆ ಹುಟ್ಟಲು ಸುಮಾರು ಒಂದು ವಾರ ನಿಂತ ನೀರು ಸಾಕು. ನಿಮ್ಮ ಖಾಲಿ ಮನೆಯಲ್ಲಿ ಹುಟ್ಟಿದ ಸೊಳ್ಳೆ ಕಚ್ಚೋದು ಪಕ್ಕದ ಮನೆಯ ಮಕ್ಕಳಿಗೆ ಅಲ್ವಾ?

ಮೇ ತಿಂಗಳು ದಾಟುವ ಮೊದಲು ಹಂಚು ನೋಡಿಸಿ, ತಾರಸಿಯ ನೀರಿನ ಪೈಪಿನಿಂದ ತರಗೆಲೆ ತೆಗೆಸಿ. ಮಾಡಿನ ಮೇಲೆ ಬಾಗಿದ ತೆಂಗಿನ ಮರವಿದ್ದರೆ ಒಣ ಮಡಲು, ಕಾಯಿ ಇಳಿಸಿ.

ಸಿಡಿಲು ಮಳೆಗಾಲಕ್ಕೆ ಮುಂಚೆಯೂ ಇದೆ, ಮುಗಿದ ಮೇಲೂ ಇದೆ. ಟಿವಿ, ಫ್ರಿಜ್, ಪಂಪಿನ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಕ್ಯಾಮೆರಾ ಮತ್ತು ಹೊರಗಿನ ದೀಪದ ಲೈನ್ ಬಿಟ್ಟು ಉಳಿದ ಎಂಸಿಬಿ (ಕರೆಂಟ್ ಬೋರ್ಡಿನ ಮುಖ್ಯ ಸ್ವಿಚ್‌ಗಳು) ಕೆಳಗಿರಲಿ. ಗ್ಯಾಸಿನ ರೆಗ್ಯುಲೇಟರ್ ಕಳಚಿ ಸಿಲಿಂಡರಿಗೆ ಮುಚ್ಚಳ ಹಾಕಿ. ಮನೆ ಖಾಲಿ ಇರುವುದನ್ನು ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ, ವಾಟ್ಸಾಪ್ ಸ್ಟೇಟಸ್‌ಗೆ ಬೇಡ. ಹಗಲೂ ರಾತ್ರಿ ಉರಿಯುವ ಹೊರಗಿನ ದೀಪ ಕೂಡ ಮನೆಯಲ್ಲಿ ಯಾರೂ ಇಲ್ಲ ಅಂತ ಹೇಳಿಕೊಡುತ್ತದೆ. ಸೆನ್ಸರ್ ದೀಪ ಹಾಕಿಸಿ.

ಇನ್ನು ರಜೆಗೆ ಹೋದಾಗ. ಬಾಗಿಲು ತೆರೆದ ಕೂಡಲೇ ಸ್ವಿಚ್ ಒತ್ತಬೇಡಿ. ಮೊದಲು ಮೂಗಿಗೆ ಗ್ಯಾಸಿನ ವಾಸನೆ ಬರುತ್ತಾ ನೋಡಿ. ಬಂದರೆ ಹೊರಗೆ ದೂರ ನಿಂತು 1906ಕ್ಕೆ ಫೋನ್ ಮಾಡಿ. ಇಲ್ಲದಿದ್ದರೆ ಕಿಟಕಿ ತೆರೆಯಿರಿ, ನಲ್ಲಿಯ ಮೊದಲ ನೀರು ಹರಿದುಹೋಗಲಿ. ಸೌದೆ ಕೊಟ್ಟಿಗೆಗೆ ಮಕ್ಕಳನ್ನು ಬಿಡುವ ಮೊದಲು ಟಾರ್ಚ್ ಹಾಕಿ ಮೂಲೆಮೂಲೆ ನೋಡಿ, ಹಾವಿರಬಹುದು.