ವಿಜಯನಗರದ ಟೆರೇಸ್‌ನಿಂದ ರೋಸೆಟ್: 61 ಮಿಲಿಮೀಟರ್, 21 ಗಂಟೆ

ಫೆಬ್ರವರಿ ಕೊನೆಯಲ್ಲಿ ಆಕಾಶದ ಫೋಟೋ ತೆಗೆಯುವ ನಮ್ಮ ವಾಟ್ಸಾಪ್ ಗುಂಪಿಗೆ ರೋಸೆಟ್ ನೀಹಾರಿಕೆಯ (ಹೊಳೆಯುವ ಅನಿಲದ ಮೋಡ) ಒಂದು ಫೋಟೋ ಹಾಕಿದೆ. ಕೆಳಗೆ ಏನೂ ಬರೆಯಲಿಲ್ಲ. ಹತ್ತು ನಿಮಿಷಕ್ಕೆ ಮೊದಲ ಪ್ರಶ್ನೆ ಬಂತು. "ಗುರೂ, ಇದೆಲ್ಲಿಂದ? ಸಕಲೇಶಪುರಾನಾ, ಗುಡಿಬಂಡೆನಾ?" ನಮ್ಮ ಮನೆ ಟೆರೇಸ್ ಅಂತ ಬರೆದೆ. ಬೆಂಗಳೂರಿನ ವಿಜಯನಗರ, ಮೂರನೇ ಮಹಡಿ ಮೇಲೆ, ನೀರಿನ ಟ್ಯಾಂಕ್ ಪಕ್ಕ. ಆಮೇಲೆ ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಸುಳ್ಳು ಯಾಕೆ ಹೇಳಲಿ, ಆ ಅರ್ಧ ಗಂಟೆ ತುಂಬಾ ಚೆನ್ನಾಗಿತ್ತು.

ಇದೇ ಗುಂಪಿನವರು ನಾಲ್ಕು ವರ್ಷದಿಂದ ನನಗೆ ಹೇಳುತ್ತಿದ್ದದ್ದು ಒಂದೇ ಮಾತು. ಬೆಂಗಳೂರಲ್ಲಿ ಚಂದ್ರ, ಗುರು, ಶನಿ ಬಿಟ್ಟರೆ ಬೇರೇನೂ ಆಗಲ್ಲ, ದುಡ್ಡು ಪೋಲು ಮಾಡಬೇಡ. ಅವರದ್ದೂ ತಪ್ಪಿಲ್ಲ. ನಮ್ಮ ಟೆರೇಸ್‌ನಿಂದ ಕೃತ್ತಿಕೆಯಲ್ಲಿ ಬರಿಗಣ್ಣಿಗೆ ನಾಲ್ಕು ನಕ್ಷತ್ರ ಎಣಿಸಿದರೆ ಅದೇ ಹೆಚ್ಚು. ಎದುರಿನ ಬೀದಿದೀಪ ಎಲ್‌ಇಡಿ. ಎರಡು ರಸ್ತೆ ಆಚೆಗಿನ ಕಲ್ಯಾಣ ಮಂಟಪದಲ್ಲಿ ಮುಹೂರ್ತ ಇದ್ದರೆ ಆಕಾಶಕ್ಕೇ ಬೀಮ್ ಲೈಟ್ ಬಿಡುತ್ತಾರೆ. ಹಾಗಾಗಿ ಈಗ ನಾನು ಚಂದ್ರನ ಪಂಚಾಂಗದ ಜೊತೆ ಮದುವೆ ಸೀಸನ್ನೂ ನೋಡಿಕೊಳ್ಳುತ್ತೇನೆ.

ಮೊದಲು ಮಾಡಿದ ತಪ್ಪು ಎಲ್ಲರೂ ಮಾಡುವಂಥದ್ದೇ. ದೊಡ್ಡ ಕೊಳವೆ, ಅಂದರೆ ದೊಡ್ಡ ದೂರದರ್ಶಕ ತಂದೆ. 8 ಇಂಚಿನ ಕನ್ನಡಿಯ ಎಫ್/5 ನ್ಯೂಟೋನಿಯನ್, 1000 ಮಿಲಿಮೀಟರ್ ಫೋಕಲ್ ಲೆಂತ್, ಪಕ್ಕಕ್ಕೆ ಹಳೇ ನಿಕಾನ್ ಡಿ5300 ಕ್ಯಾಮೆರಾ. ನೋಡಲು ಗಂಭೀರವಾಗಿತ್ತು. ಪಕ್ಕದ ಮನೆ ಅಂಕಲ್ ಬಂದು "ಏನ್ ಸ್ವಾಮಿ, ಫಿರಂಗಿ ಇಟ್ಟಿದ್ದೀರಾ?" ಅಂತ ಕೇಳಿದ್ದರು. ಆದರೆ ಸ್ವಲ್ಪ ಗಾಳಿ ಬೀಸಿದರೂ ಕೊಳವೆ ಗಾಳಿಪಟದ ಹಾಗೆ ಆಡುತ್ತಿತ್ತು. ಒಂದು ಪಿಕ್ಸೆಲ್‌ಗೆ 0.8 ಆರ್ಕ್‌ಸೆಕೆಂಡ್ (ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ರಲ್ಲಿ ಒಂದು ಭಾಗ) ಬರುವ ಕಡೆ ನನ್ನ ಗೈಡಿಂಗ್, ಅಂದರೆ ನಕ್ಷತ್ರವನ್ನು ಹಿಂಬಾಲಿಸುವಾಗಿನ ತಪ್ಪು, ಎರಡರ ಮೇಲೇ ಇತ್ತು. ಹತ್ತು ಫ್ರೇಮ್‌ನಲ್ಲಿ ಏಳು ಕಸದ ಬುಟ್ಟಿಗೆ. ಮೇಲಿಂದ, ಅವತ್ತಿನ ಕ್ಯಾಮೆರಾದೊಳಗಿನ ಫಿಲ್ಟರ್ ನೀಹಾರಿಕೆಯ ಹೈಡ್ರೋಜನ್ ಸೂಸುವ ಕೆಂಪು ಬೆಳಕಿನ (ಹೈಡ್ರೋಜನ್ ಆಲ್ಫಾ) ಬಹುಪಾಲನ್ನು ತಡೆದುಬಿಡುತ್ತಿತ್ತು. ಒಂದು ವರ್ಷ ಕಳೆದ ಮೇಲೆ ನನ್ನ ಹತ್ತಿರ ಇದ್ದದ್ದು ನಡು ಸುಟ್ಟುಹೋದ ಒಂದು ಎಂ42 (ಓರಿಯನ್ ನೀಹಾರಿಕೆ), ಅಷ್ಟೇ. 45 ಸಾವಿರಕ್ಕೆ ತಂದ ಕೊಳವೆ 28 ಸಾವಿರಕ್ಕೆ ಹೋಯಿತು. ಕೊಂಡವರು ಅದರಲ್ಲಿ ಗ್ರಹ ನೋಡುತ್ತಾರಂತೆ, ಖುಷಿಯಾಗಿದ್ದಾರೆ.

ಊರಾಚೆ ಹೋಗೋ ಪ್ರಯೋಗವನ್ನೂ ಮಾಡಿದೆ. ಗುಡಿಬಂಡೆ ಕಡೆಗೆ ಮೂರು ಸಲ. ಒಂದು ಸಲ ಮೋಡ. ಇನ್ನೊಂದು ಸಲ ಕೌಂಟರ್‌ವೇಟ್ (ಕೊಳವೆಗೆ ಎದುರು ತೂಗುವ ಭಾರ) ಮನೆಯಲ್ಲೇ ಮರೆತಿದ್ದೆ, ಕಲ್ಲು ಕಟ್ಟಿ ನೋಡಿದೆ, ಆಗಲಿಲ್ಲ. ಮೂರನೇ ಸಲ ಎರಡು ಗಂಟೆ ಡೇಟಾ ಸಿಕ್ಕಿತು, ಬೆಳಗ್ಗೆ ಆಫೀಸ್‌ನಲ್ಲಿ ನಿದ್ದೆ ಮಾಡಿದೆ. ಆಗ ಲೆಕ್ಕ ಹಾಕಿದೆ. ವರ್ಷಕ್ಕೆ ನಾಲ್ಕು ರಾತ್ರಿ ಕತ್ತಲ ಆಕಾಶ ಬೇಕಾ, ನಲವತ್ತು ರಾತ್ರಿ ಕೆಟ್ಟ ಆಕಾಶ ಬೇಕಾ? ನನಗೆ ನಲವತ್ತೇ ಸರಿ ಅನಿಸಿತು.

ಆಮೇಲೆ ದುಡ್ಡು ಹಾಕಿದ್ದು ಮೌಂಟ್‌ಗೆ, ಅಂದರೆ ಕೊಳವೆಯನ್ನು ಹೊತ್ತು ಆಕಾಶದ ಜೊತೆ ತಿರುಗಿಸುವ ಯಂತ್ರಕ್ಕೆ. ಸೆಕೆಂಡ್ ಹ್ಯಾಂಡ್ ಎಚ್‌ಇಕ್ಯೂ5, 90 ಸಾವಿರ ಚಿಲ್ಲರೆ. ಅದರ ಮೇಲೆ ಒಂದು ಪುಟ್ಟ 61 ಮಿಲಿಮೀಟರ್ ರಿಫ್ರ್ಯಾಕ್ಟರ್ (ಮಸೂರದ ದೂರದರ್ಶಕ), ಎಫ್/5.9, 360 ಫೋಕಲ್ ಲೆಂತ್, ಅಂಚಿನ ನಕ್ಷತ್ರ ಸರಿಮಾಡುವ ಫ್ಲ್ಯಾಟನರ್ ಮಸೂರ ಸೇರಿ 48 ಸಾವಿರ ಇರಬೇಕು. ಕ್ಯಾಮೆರಾ ಎಎಸ್‌ಐ533 ಬಣ್ಣದ್ದು, ಕೂಲಿಂಗ್ ಇರುವಂಥದ್ದು, 95 ಸಾವಿರ. ಹೈಡ್ರೋಜನ್, ಆಕ್ಸಿಜನ್ ಬೆಳಕನ್ನು ಮಾತ್ರ ಒಳಗೆ ಬಿಡುವ 7 ನ್ಯಾನೊಮೀಟರ್‌ನ ಡ್ಯುಯಲ್ ಬ್ಯಾಂಡ್ ಫಿಲ್ಟರ್‌ಗೆ 24 ಸಾವಿರ, ಅದಕ್ಕೆ ಕಸ್ಟಮ್ಸ್‌ನಲ್ಲಿ ಕಟ್ಟಿದ್ದು ಬೇರೆ. ನಕ್ಷತ್ರದ ಮೇಲೆ ಕಣ್ಣಿಟ್ಟು ಮೌಂಟನ್ನು ತಿದ್ದುವ ಗೈಡ್ ಸ್ಕೋಪು, ಗೈಡ್ ಕ್ಯಾಮೆರಾ ಸೇರಿ 20 ಸಾವಿರ. ವೈರು, ಬ್ರಾಕೆಟ್ಟು, ಹಳೇ ಲ್ಯಾಪ್‌ಟಾಪ್‌ಗೆ ಹೊಸ ಎಸ್‌ಎಸ್‌ಡಿ ಅಂತ ಇನ್ನೊಂದಿಷ್ಟು. ಹಳೇ ನಷ್ಟ ಸೇರಿಸಿದರೆ 3 ಲಕ್ಷ 20 ಸಾವಿರದ ಆಸುಪಾಸು. ಮನೆಯವಳು ಇದನ್ನು ಸ್ಕೂಟರ್ ಲೆಕ್ಕದಲ್ಲಿ ಹೇಳುತ್ತಾಳೆ. "ರೀ, ಎರಡೂವರೆ ಸ್ಕೂಟರ್ ಟೆರೇಸ್ ಮೇಲೆ ನಿಲ್ಲಿಸಿದ್ದೀರಾ."

61 ಮಿಲಿಮೀಟರ್ ಅಂದಾಗ ಗುಂಪಿನಲ್ಲಿ ನಕ್ಕರು. ಆದರೆ ಲೆಕ್ಕ ನೋಡಿ. 3.76 ಮೈಕ್ರಾನ್ ಪಿಕ್ಸೆಲ್, 360 ಫೋಕಲ್ ಲೆಂತ್, ಅಂದರೆ ಪಿಕ್ಸೆಲ್‌ಗೆ 2.15 ಆರ್ಕ್‌ಸೆಕೆಂಡ್. ಗೈಡಿಂಗ್ ಒಂದರ ಆಸುಪಾಸು ಇದ್ದರೂ ನಕ್ಷತ್ರ ದುಂಡಗೇ ಬರುತ್ತದೆ. ಫ್ರೇಮಿನ ಅಗಲ 1.8 ಡಿಗ್ರಿ, ರೋಸೆಟ್ ಒಂದು ಡಿಗ್ರಿಗಿಂತ ಸ್ವಲ್ಪ ಜಾಸ್ತಿ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ.

ಇನ್ನು ನಮ್ಮ 13 ಡಿಗ್ರಿ ಅಕ್ಷಾಂಶದ ಕಷ್ಟ. ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ನೇರ ಮಾಡಬೇಕು. ಧ್ರುವ ನಕ್ಷತ್ರ ಇರೋದೇ 13 ಡಿಗ್ರಿ ಎತ್ತರದಲ್ಲಿ, ನನ್ನ ಉತ್ತರಕ್ಕೆ ಐದಂತಸ್ತಿನ ಅಪಾರ್ಟ್‌ಮೆಂಟ್. ನಾಲ್ಕು ವರ್ಷದಲ್ಲಿ ಟೆರೇಸ್‌ನಿಂದ ಒಮ್ಮೆಯೂ ಅದನ್ನು ನೋಡಿಲ್ಲ. ಧ್ರುವ ನಕ್ಷತ್ರ ನೋಡಿ ಹೊಂದಿಸುವ ಪೋಲಾರ್ ಸ್ಕೋಪ್ ಬಿಚ್ಚಿ ಡ್ರಾಯರ್‌ನಲ್ಲಿಟ್ಟಿದ್ದೇನೆ. ನೀನಾ ತಂತ್ರಾಂಶದ ಮೂರು ಬಿಂದುವಿನ ಅಲೈನ್‌ಮೆಂಟ್ ಬಂದ ಮೇಲೆ ಆ ತಲೆನೋವು ಹೋಯಿತು. ಆಕಾಶದ ಯಾವ ಮೂಲೆ ಕಂಡರೂ ಸಾಕು, ಹತ್ತು ನಿಮಿಷದ ಕೆಲಸ. ಇನ್ನೊಂದು, ಇಷ್ಟು ಕೆಳಗಿನ ಅಕ್ಷಾಂಶದಲ್ಲಿ ಕೌಂಟರ್‌ವೇಟ್ ಕಂಬಿ ಉತ್ತರದ ಕಾಲಿಗೆ ಬಡಿಯುತ್ತದೆ. ಮೊದಲ ವಾರವೇ ಬಡಿದು ಮೋಟಾರ್ ಕಿರ್ ಅಂತು. ಟ್ರೈಪಾಡ್ ತಿರುಗಿಸಿ, ಉತ್ತರಕ್ಕೆ ಕಾಲಿನ ಬದಲು ಎರಡು ಕಾಲಿನ ನಡುವಿನ ಜಾಗ ಬರುವ ಹಾಗೆ ಟ್ರೈಪಾಡ್ ಮೇಲಿನ ಗೂಟದ ಜಾಗ ಬದಲಾಯಿಸಿಕೊಂಡೆ.

ಅದಕ್ಕಿಂತ ಜಾಸ್ತಿ ಕಾಡಿದ್ದು ಟೆರೇಸೇ. ಗೈಡಿಂಗ್ ಗ್ರಾಫ್‌ನಲ್ಲಿ ಆಗಾಗ ಒಂದು ದೊಡ್ಡ ಏಟು ಕಾಣುತ್ತಿತ್ತು. ಗಾಳಿ ಇಲ್ಲ, ಕೇಬಲ್ ಎಳೆತ ಇಲ್ಲ. ಎರಡು ತಿಂಗಳು ಬ್ಯಾಕ್‌ಲ್ಯಾಷ್ (ಗೇರ್ ಹಲ್ಲಿನ ಸಡಿಲ) ಅಂತ ಗೇರ್ ಬಿಚ್ಚಿ ಜೋಡಿಸಿದೆ. ಕೊನೆಗೆ ನೋಡಿದರೆ ಕೆಳಗಿನ ಬಾಡಿಗೆ ಮನೆಯ ಹುಡುಗ ರಾತ್ರಿ ಸ್ಕಿಪ್ಪಿಂಗ್ ಆಡುತ್ತಾನೆ! ಸ್ಲ್ಯಾಬ್ ನಡುವಿನಲ್ಲಿದ್ದ ಟ್ರೈಪಾಡನ್ನು ಮೂಲೆಗೆ, ಕಂಬದ ನೇರ ಮೇಲಕ್ಕೆ ಸರಿಸಿದೆ. ಗೈಡಿಂಗ್ 1.4ರಿಂದ 0.8ಕ್ಕೆ ಇಳಿಯಿತು, ಖರ್ಚು ಸೊನ್ನೆ. ಕಾಲಿಡುವ ಮೂರು ಜಾಗಕ್ಕೆ ಕೆಂಪು ಪೇಂಟ್ ಹಚ್ಚಿದ್ದೇನೆ. ಅಮ್ಮ ಸಂಡಿಗೆ ಒಣಹಾಕುವಾಗ ಆ ಗುರುತು ಬಿಟ್ಟು ಚಾಪೆ ಹಾಸುತ್ತಾರೆ.

ಮಸೂರದ ಮೇಲೆ ಕೂರುವ ಇಬ್ಬನಿಗೆ ಹೀಟರ್ ನಾನೇ ಮಾಡಿಕೊಂಡೆ. ಎಸ್‌.ಪಿ. ರೋಡ್‌ನಿಂದ 330 ಓಮ್‌ನ ಹನ್ನೆರಡು ರೆಸಿಸ್ಟರ್ ತಂದು ಪ್ಯಾರಲಲ್ ಆಗಿ ಬೆಸುಗೆ ಹಾಕಿ ಪಟ್ಟಿ ಮಾಡಿದೆ. 12 ವೋಲ್ಟ್‌ಗೆ 5 ವ್ಯಾಟ್ ಚಿಲ್ಲರೆ. ಮೊದಲ ಸಲ ಜಿಪುಣತನಕ್ಕೆ ಕಾಲು ವ್ಯಾಟಿನವು ಹಾಕಿದ್ದೆ, ಎರಡನೇ ರಾತ್ರಿ ಸುಟ್ಟ ವಾಸನೆ. ಅರ್ಧ ವ್ಯಾಟಿನವು ಹಾಕಿ, ಐದು ರೂಪಾಯಿ ಉಳಿಸಬೇಡಿ.

ರೋಸೆಟ್‌ಗೆ ಬರೋಣ. ಆರ್ದ್ರಾ ನಕ್ಷತ್ರದಿಂದ ಒಂಬತ್ತು ಡಿಗ್ರಿ ಪೂರ್ವಕ್ಕಿದೆ. ನಮ್ಮ ಊರಿಗೆ ಅದು 80 ಡಿಗ್ರಿಗೂ ಮೇಲೆ ಏರುತ್ತದೆ, ಹೆಚ್ಚುಕಡಿಮೆ ನೆತ್ತಿಯ ಮೇಲೆ. ಅಲ್ಲಿ ನಗರದ ಬೆಳಕು ಇದ್ದುದರಲ್ಲಿ ಕಡಿಮೆ. ಡಿಸೆಂಬರ್ ಕೊನೆಯಿಂದ ಫೆಬ್ರವರಿ ತನಕ 14 ರಾತ್ರಿ, ಐದೈದು ನಿಮಿಷದ ಫ್ರೇಮ್, ಗೇನ್ (ಸಂಕೇತ ಹಿಗ್ಗಿಸುವ ಮಟ್ಟ) 100, ಸೆನ್ಸರ್ ಮೈನಸ್ 10 ಡಿಗ್ರಿ. ಒಟ್ಟು 310ರ ಹತ್ತಿರ ಬಂತು. ಮೋಡ, ಟ್ರಾನ್ಸ್‌ಫಾರ್ಮರ್ ಹೋದದ್ದು, ಕಲ್ಯಾಣ ಮಂಟಪ ಎಲ್ಲ ಕಳೆದು ಉಳಿದದ್ದು 250, ಅಂದರೆ 21 ಗಂಟೆ. ಡಿದರಿಂಗ್ (ಕೊಳವೆಯನ್ನು ಬೇಕೆಂದೇ ಚೂರು ಸರಿಸುವುದು) ಮೂರು ಫ್ರೇಮ್‌ಗೊಮ್ಮೆ. ನಾನು ಕೆಳಗೆ ಹಾಲ್‌ನಲ್ಲಿ ಕೂತು ಲ್ಯಾಪ್‌ಟಾಪ್ ನೋಡುತ್ತಿದ್ದೆ. ಲಡಾಖಿನ ಹಾನ್ಲೆಯ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಇಲ್ಲೇ ಹೊಸಕೋಟೆಯಿಂದ ನಡೆಸುತ್ತಾರೆ. ನಾನು ನಡೆಸೋದು ಮೂರು ಮಹಡಿ ದೂರದಿಂದ, ವೈಫೈ ಅಷ್ಟಕ್ಕೇ ಕೈಕೊಡುತ್ತದೆ.

ಪ್ರೊಸೆಸಿಂಗ್‌ನಲ್ಲೇ ನಾನು ಜಾಸ್ತಿ ಒದ್ದಾಡಿದ್ದು. ಧೂಳಿನ ಕಲೆ, ಮೂಲೆಯ ಕತ್ತಲು ಕಳೆಯಲು ಸಮ ಬೆಳಕಿನಲ್ಲಿ ತೆಗೆಯುವ ಫ್ಲ್ಯಾಟ್‌ನಿಂದಲೇ ಶುರು. ಎಲ್‌ಇಡಿ ಪ್ಯಾನೆಲ್ ಹಿಡಿದು ತೆಗೆದ ಫ್ಲ್ಯಾಟ್‌ನಲ್ಲಿ ಅಡ್ಡ ಪಟ್ಟೆ ಬಂದವು, ಎಕ್ಸ್‌ಪೋಷರ್ ತೀರಾ ಚಿಕ್ಕದಾಗಿತ್ತು, ಪ್ಯಾನೆಲ್ ಮಿಣುಕುವುದೂ ದಾಖಲಾಗಿತ್ತು. ಈಗ ಬೆಳಗಿನ ಜಾವದ ಆಕಾಶಕ್ಕೆ ಮುಖ ಮಾಡಿ, ಅಪ್ಪನ ಬಿಳಿ ಪಂಚೆ ನಾಲ್ಕು ಮಡಿಕೆ ಮಾಡಿ ಕಟ್ಟುತ್ತೇನೆ. ಎರಡು ಸೆಕೆಂಡಿನ ಫ್ಲ್ಯಾಟು, ಮುಚ್ಚಳ ಹಾಕಿ ಅಷ್ಟೇ ಹೊತ್ತಿನ ಡಾರ್ಕ್ ಫ್ಲ್ಯಾಟು. ಪಂಚೆ ಜರಿ ಅಂಚಿನದ್ದಾಗಿರಬಾರದು, ಅದನ್ನೂ ಕಲಿತೆ.

ಸಿರಿಲ್ ಅನ್ನೋ ಉಚಿತ ತಂತ್ರಾಂಶದಲ್ಲೇ ಎಲ್ಲ ಕೆಲಸ. ಪಿಕ್ಸ್‌ಇನ್‌ಸೈಟ್ ತೆಗೆದುಕೋ ಅಂತ ಎಲ್ಲರೂ ಹೇಳಿದರು, ಆ ದುಡ್ಡಿಗೆ ಇನ್ನೊಂದು ಫಿಲ್ಟರ್ ಬರುತ್ತದೆ ಅಂತ ತೆಗೆದುಕೊಳ್ಳಲಿಲ್ಲ. ಮೊದಲ ಸಲ ಎಲ್ಲ ಬಣ್ಣ ಒಟ್ಟಿಗೇ ಇಟ್ಟುಕೊಂಡು ಹೋದೆ. 18 ಎಂಬಿಯ ಒಂದೊಂದು ಫ್ರೇಮ್ ಡಿಬೇಯರ್ ಆಗಿ (ಪ್ರತಿ ಪಿಕ್ಸೆಲ್‌ಗೂ ಮೂರು ಬಣ್ಣ ತುಂಬಿ) 32 ಬಿಟ್‌ಗೆ ಹೋದಾಗ 108 ಎಂಬಿ ಆಗುತ್ತದೆ. ರಾತ್ರಿ ಬಿಟ್ಟು ಮಲಗಿದೆ, ಬೆಳಗ್ಗೆ ಡಿಸ್ಕ್ ಫುಲ್. ಫಲಿತಾಂಶವೂ ಕುಂಕುಮ ಚೆಲ್ಲಿದ ಹಾಗೆ, ಬರೀ ಕೆಂಪು. ಈಗ ಹೈಡ್ರೋಜನ್, ಆಕ್ಸಿಜನ್ ಬೇರೆ ಬೇರೆ ತೆಗೆಯುವ ಸ್ಕ್ರಿಪ್ಟ್ ಓಡಿಸುತ್ತೇನೆ. ಕೆಂಪು ಪಿಕ್ಸೆಲ್ ನಾಲ್ಕರಲ್ಲಿ ಒಂದೇ ಇರುವುದರಿಂದ ಹೈಡ್ರೋಜನ್ ಚಿತ್ರದ ನಿಜವಾದ ರೆಸಲ್ಯೂಷನ್ ಅರ್ಧ. ಇಷ್ಟು ಹೊತ್ತಿನ ಡೇಟಾ ಇದ್ದರೆ ಅದು ಕಣ್ಣಿಗೆ ಹೊಡೆಯಲ್ಲ.

ಕೈ ಹಿಡಿದದ್ದು ಎರಡು ವಿಷಯ. ಒಂದು, ಗ್ರೇಡಿಯೆಂಟನ್ನು (ಹಿನ್ನೆಲೆಯ ಏರುಪೇರು ಬೆಳಕು) ಸ್ಟ್ಯಾಕ್ ಮಾಡಿದ, ಅಂದರೆ ಫ್ರೇಮ್ ಎಲ್ಲ ಸೇರಿಸಿದ ಮೇಲಲ್ಲ, ಮೊದಲೇ ತೆಗೆಯೋದು. ನಮ್ಮ ಆಕಾಶದಲ್ಲಿ ರಾತ್ರಿ ಎಂಟಕ್ಕೆ ಬೆಳಕು ಒಂದು ದಿಕ್ಕಿಗೆ, ಒಂದು ಗಂಟೆಗೆ ಇನ್ನೊಂದು ದಿಕ್ಕಿಗೆ. ಮೆರಿಡಿಯನ್ ಫ್ಲಿಪ್ (ಗುರಿ ಉತ್ತರ-ದಕ್ಷಿಣ ಗೆರೆ ದಾಟಿದಾಗ ಮೌಂಟ್ ಮಗುಚಿಕೊಳ್ಳುವುದು) ಆದ ಮೇಲೆ ಚಿತ್ರವೇ ತಲೆಕೆಳಗು. ಎಲ್ಲ ಸೇರಿಸಿದ ಮೇಲೆ ಆ ಗೋಜಲನ್ನು ಬಿಡಿಸಲು ಆಗಲ್ಲ. ಒಂದೊಂದು ಫ್ರೇಮ್‌ಗೂ ಡಿಗ್ರಿ 1ರ (ನೇರ ಇಳಿಜಾರಿನ) ಬ್ಯಾಕ್‌ಗ್ರೌಂಡ್ ತೆಗೆದು ಆಮೇಲೆ ಸೇರಿಸಿದರೆ ಕೊನೆಯಲ್ಲಿ ಉಳಿಯೋದು ಸ್ವಲ್ಪವೇ. ಆ ಸ್ವಲ್ಪಕ್ಕೆ ಹಿನ್ನೆಲೆ ಅಳೆಯುವ ಸ್ಯಾಂಪಲ್ ಚುಕ್ಕೆಗಳನ್ನು ಕೈಯಾರೆ ಇಡಿ. ನಾನು ಆಟೋ ಬಿಟ್ಟು ರೋಸೆಟ್ ಸುತ್ತಲಿನ ತೆಳು ಹೊಗೆಯನ್ನೆಲ್ಲ ತಿಂದು ಹಾಕಿದ್ದೆ.

ಎರಡನೆಯದು ಚಂದ್ರನ ಲೆಕ್ಕ. ಹೈಡ್ರೋಜನ್ ಇರೋದು 656 ನ್ಯಾನೊಮೀಟರ್‌ನಲ್ಲಿ, ಚಂದ್ರ ಇದ್ದರೂ ಅದಕ್ಕೆ ಅಷ್ಟು ಪೆಟ್ಟಿಲ್ಲ. ಆಕ್ಸಿಜನ್ ಇರೋದು 501ರ ಹತ್ತಿರ, ಚಂದ್ರನ ಬೆಳಕು ಚದುರಿ ಅಲ್ಲೇ ಜಾಸ್ತಿ ತುಂಬಿಕೊಳ್ಳುತ್ತದೆ. ಹಾಗಾಗಿ ಹೈಡ್ರೋಜನ್ ಸ್ಟ್ಯಾಕ್‌ಗೆ ಎಲ್ಲ 250 ಫ್ರೇಮು, ಆಕ್ಸಿಜನ್ ಸ್ಟ್ಯಾಕ್‌ಗೆ ಚಂದ್ರ ಇಲ್ಲದ 130 ಮಾತ್ರ. ಅರ್ಧ ಡೇಟಾ ಬಿಸಾಕುತ್ತಿದ್ದೀಯ ಅಂದರು. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ, ಸುಮ್ಮನಾದರು.

ಆಮೇಲೆ ಸ್ಟಾರ್‌ನೆಟ್ ತಂತ್ರಾಂಶದಲ್ಲಿ ನಕ್ಷತ್ರ ತೆಗೆದು, ಸಿರಿಲ್‌ನ ಜಿಎಚ್‌ಎಸ್ ಸಾಧನದಲ್ಲಿ ಐದಾರು ಸಣ್ಣ ಸಣ್ಣ ಸ್ಟ್ರೆಚ್ (ಮಸುಕು ಭಾಗ ಬೆಳಗಿಸುವುದು). ಒಂದೇ ಸಲ ಎಳೆದರೆ ರಾಗಿ ಮುದ್ದೆ ಗಂಟಾದ ಹಾಗೆ ಆಗುತ್ತದೆ. ಹಿನ್ನೆಲೆಯನ್ನು ಪೂರ್ತಿ ಕಪ್ಪು ಮಾಡಬೇಡಿ. ನಾಯ್ಸ್ ರಿಡಕ್ಷನ್ ನಾನು ಮೊದಲು ಹಾಕುತ್ತಿದ್ದುದರ ಕಾಲು ಭಾಗಕ್ಕೆ ಇಳಿಸಿದ್ದೇನೆ, ಇಲ್ಲದಿದ್ದರೆ ನೀಹಾರಿಕೆ ಪ್ಲಾಸ್ಟಿಕ್ ಹೂವಾಗುತ್ತದೆ. ನಕ್ಷತ್ರದ ಬಣ್ಣಕ್ಕೆ ಮಾತ್ರ ಫಿಲ್ಟರ್ ಬಿಚ್ಚಿ ಒಂದು ರಾತ್ರಿ 30 ಸೆಕೆಂಡಿನ 80 ಫ್ರೇಮ್ ಬೇರೆ ತೆಗೆದಿದ್ದೆ. ರೋಸೆಟ್ ನಡುವಿನ ನೀಲಿಯನ್ನು ನಾಯ್ಸ್ ಇಲ್ಲದೆ ಮೇಲೆತ್ತಿದ್ದು ಹೇಗೆ ಅಂತ ತುಂಬಾ ಜನ ಕೇಳಿದರು. ಅದಕ್ಕೊಂದು ಮಾಸ್ಕ್ (ಬೇಕಾದ ಭಾಗ ಬಿಟ್ಟು ಉಳಿದದ್ದನ್ನು ಮುಚ್ಚುವ ಪದರ) ಇದೆ. ಮೂರು ವಾರ ತಲೆ ಕೆಡಿಸಿಕೊಂಡು ಮಾಡಿದ್ದು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮಧ್ಯೆ ಆಸೆಗೆ ಬಿದ್ದು ಸಿಂಹ ರಾಶಿಯ ಮೂರು ಗೆಲಾಕ್ಸಿಗಳಿಗೂ ಕೈ ಹಾಕಿದೆ. ಫಿಲ್ಟರ್ ಇಲ್ಲದೆ, ಒಂದು ನಿಮಿಷದ ಫ್ರೇಮ್, ಆರು ಗಂಟೆ. ಗೆಲಾಕ್ಸಿಯ ಬೆಳಕು ಎಲ್ಲ ಬಣ್ಣದ್ದು, ಫಿಲ್ಟರ್ ಅಲ್ಲಿ ಕೆಲಸಕ್ಕೆ ಬಾರದು. ಬಂದದ್ದು ಮೂರು ಹೊಗೆ ಚುಕ್ಕೆ. ಈ ಒಂದು ವಿಷಯದಲ್ಲಿ ಗುಂಪಿನವರು ಹೇಳಿದ್ದು ನಿಜ, ಒಪ್ಪಿಕೊಳ್ಳುತ್ತೇನೆ.

ಈಟಾ ಕರೀನೆ (ದಕ್ಷಿಣ ಆಕಾಶದ ನಕ್ಷತ್ರ, ಅದರ ಸುತ್ತಲಿನ ನೀಹಾರಿಕೆ) ಬೇರೆ ಕಥೆ. ಅದು ನಮಗೆ ಸಿಗೋದು ದಕ್ಷಿಣದಲ್ಲಿ ಬರೀ 17 ಡಿಗ್ರಿ ಎತ್ತರಕ್ಕೆ, ಪಕ್ಕದ ಮನೆಯ ಸೋಲಾರ್ ಹೀಟರ್ ಮತ್ತು ತೆಂಗಿನ ಮರದ ನಡುವಿನ ಸಂದಿಯಲ್ಲಿ. ದಿನಕ್ಕೆ 50 ನಿಮಿಷ ಸಿಗುತ್ತದೆ. ಯೂರೋಪಿನವರಿಗೆ ಅದೂ ಇಲ್ಲ ಅಲ್ವಾ! ಮಾರ್ಚ್‌ನಲ್ಲಿ ಏಳು ರಾತ್ರಿ ಸೇರಿಸಿ ನಾಲ್ಕೂವರೆ ಗಂಟೆ ಆಗಿದೆ, ಹೈಡ್ರೋಜನ್‌ನಲ್ಲಿ ಆಗಲೇ ಒಳಗಿನ ಕಪ್ಪು ಸೀಳುಗಳು ಕಾಣುತ್ತಿವೆ. ಹತ್ತು ಗಂಟೆ ಆಗುವ ತನಕ ಗುಂಪಿಗೆ ಹಾಕಲ್ಲ. ಒಂದು ಗರಿ ಅಡ್ಡ ಬರುತ್ತಿದೆ. ಪಕ್ಕದ ಅಂಕಲ್ ಹತ್ತಿರ ಮಾತಾಡಿದ್ದೇನೆ, ಕಾಯಿ ಕೀಳಿಸುವಾಗ ಅದನ್ನೂ ತೆಗೆಸುತ್ತಾರಂತೆ.