ಪ್ಲೇನರ್‌ನ ಫೀಡ್ ಗೇರ್ ಸವೆದಾಗ

ಮರದ ಹಲಗೆ ಹೆರೆಯುವ ಪ್ಲೇನರ್ ಯಂತ್ರದ ಬ್ಲೇಡ್ ತಿರುಗುತ್ತದೆ, ಆದರೆ ಹಲಗೆ ಮುಂದೆ ಸಾಗುವುದಿಲ್ಲ. ಗೇರ್‌ಬಾಕ್ಸ್‌ನಿಂದ ಟಕ್ ಟಕ್ ಸದ್ದು. ಹೆಚ್ಚಿನ ಸಲ ಇದು ಹಲಗೆಯನ್ನು ಮುಂದೆ ಸಾಗಿಸುವ ನೈಲಾನ್ ಫೀಡ್ ಗೇರಿನ ಹಲ್ಲು ಸವೆದ ಲಕ್ಷಣ. ಬಿಚ್ಚುವ ಮೊದಲು ಚೈನ್ ಮತ್ತು ಸ್ಪ್ರಾಕೆಟ್‌ನ (ಚೈನ್ ಓಡುವ ಹಲ್ಲುಚಕ್ರ) ಕೀಲಿ, ಅಂದರೆ ಅದನ್ನು ಶಾಫ್ಟ್‌ಗೆ ಬಿಗಿಯುವ ಲೋಹದ ತುಂಡು, ನೋಡಿ. ಅವು ಜಾರಿದರೂ ಹೀಗೇ ಆಗುತ್ತದೆ.

ಪ್ಲಗ್ ಕಿತ್ತು, ಪಕ್ಕದ ಕವರ್ ತೆಗೆದು, ಗೇರ್‌ಗಳು ಕೂತ ಕ್ರಮದ ಫೋಟೊ ತೆಗೆದೆ. ವಾಷರ್ ಯಾವ ಬದಿಗಿತ್ತು ಎಂಬುದು ಆಮೇಲೆ ಖಂಡಿತ ನೆನಪಿರುವುದಿಲ್ಲ! ಗೇರನ್ನು ಶಾಫ್ಟ್ ಮೇಲೆ ಹಿಡಿದಿಡುವ ಬಳೆಯಂಥ ಕ್ಲಿಪ್ಪನ್ನು ಸರ್ಕ್ಲಿಪ್ ಪ್ಲಯರ್‌ನಿಂದ ಬಿಡಿಸಿದರೆ ಗೇರ್ ಹೊರಬರುತ್ತದೆ.

ಪಾರ್ಟ್ ನಂಬರ್ ಸಿಗದಿದ್ದರೆ ಅಳತೆಯೇ ಗತಿ. ನೇರ ಹಲ್ಲಿನ ಗೇರಿನ ಹೊರವ್ಯಾಸವನ್ನು ಹಲ್ಲುಗಳ ಸಂಖ್ಯೆಗೆ 2 ಸೇರಿಸಿ ಬಂದ ಮೊತ್ತದಿಂದ ಭಾಗಿಸಿದರೆ ಮಾಡ್ಯೂಲ್ (ಹಲ್ಲಿನ ಗಾತ್ರ ಹೇಳುವ ಅಳತೆ) ಬರುತ್ತದೆ: 48 ಮಿ.ಮೀ., 30 ಹಲ್ಲು ಇದ್ದರೆ 48/32, ಅಂದರೆ 1.5. ತುದಿ ಸವೆದಿದ್ದರೆ ಲೆಕ್ಕ ಸ್ವಲ್ಪ ಕಡಿಮೆ ಬರುತ್ತದೆ, ಹತ್ತಿರದ ಪ್ರಮಾಣಿತ ಮಾಡ್ಯೂಲ್ ಹಿಡಿಯಿರಿ. ಒಳರಂಧ್ರ, ಅಗಲ, ಕೀಲಿ ಕೂರುವ ಸೀಳನ್ನೂ ಅಳೆಯಿರಿ. ಗಟ್ಟಿಯಿರಲಿ ಎಂದು ಉಕ್ಕಿನ ಗೇರ್ ಹಾಕುವುದು ನನಗೆ ಸರಿ ಕಾಣದು: ಹಲಗೆ ಸಿಕ್ಕಿಕೊಂಡರೆ ಆಗ ಮುರಿಯುವುದು ಶಾಫ್ಟೋ ಪಕ್ಕದ ಗೇರೋ.

ಬೇರಿಂಗ್ ಕೈಯಲ್ಲಿ ತಿರುಗಿಸುವಾಗ ಗರಗರ ಎಂದರೆ ಅದನ್ನೂ ಬದಲಿಸಿ, ಎರಡೂ ಬದಿ ರಬ್ಬರ್ ಸೀಲ್ ಇರುವುದನ್ನೇ. ಹಳೆಯ ಗ್ರೀಸ್‌ನಲ್ಲಿ ಮರದ ಪುಡಿ ಸೇರಿ ಸಾಣೆಯ ಪೇಸ್ಟ್‌ನಂತಾಗಿರುತ್ತದೆ. ಪೂರ್ತಿ ಒರೆಸಿ, ಹಲ್ಲುಗಳಿಗೆ ಲಿಥಿಯಂ ಗ್ರೀಸ್ ತೆಳುವಾಗಿ ಸವರಿ.

ಗೇರ್ ಸವೆಯಲು ಮೂಲ ಕಾರಣ ಬೇರೆಯೇ ಇರಬಹುದು. ಮೊಂಡು ಬ್ಲೇಡ್, ಅಂಟು ಹಿಡಿದ ಟೇಬಲ್, ಒಂದೇ ಸಲಕ್ಕೆ ಆಳವಾದ ಕಟ್. ಟೇಬಲ್‌ಗೆ ಸಿಲಿಕೋನ್ ಇಲ್ಲದ ಪೇಸ್ಟ್ ವ್ಯಾಕ್ಸ್ ಉಜ್ಜಿ, ಮೊದಲ ಹಲಗೆಯನ್ನು ಅರ್ಧ ಮಿ.ಮೀ. ಕಟ್‌ನಲ್ಲಿ ಓಡಿಸಿ.